ತೊಗಲಿನ ಜಂಪಣ್ಣ

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುವವರ ಕೇರಿ ಮುಗಿದು ಬಂಡೆಗಳು ಶುರುವಾಗುವ ಕಡೆ ಸೂರಮ್ಮನ ಮನೆ. ಬೆಳಗಾದರೆ ಕೇರಿಯಿಂದ ಮಗ್ಗದ ಸದ್ದು, ಇವಳ ಅಂಗಳದಿಂದ ತೊಗಲು ಹೆರೆಯುವ ಸದ್ದು. ನೀರಿಗೆ ಹೋಗುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ಸೂರಮ್ಮಾ, ಇವತ್ತು ಹಸಿ ತೊಗಲೇನು?" ಎಂದು ಕೇಳುವರು.

"ಹೂ ಕಣ್ರವ್ವ. ನಾಳೆ ಇದೇ ದೇವ್ರಾಗ್ತೈತೆ. ಆಗ ಕೈ ಮುಗಿಯಾಕೆ ಬರ್ರಿ, ಮೂಗು ಬಿಟ್ಕೊಂಡು" ಎನ್ನುವಳು ಸೂರಮ್ಮ.

ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಗೂಟ ಹೊಡೆದು ಬಿಗಿದು ಒಣಗಿಸಿದರೆ ಅದು ಹಣ್ಣಾದ ಆಲದೆಲೆಯ ಹಾಗೆ ಬೆಳಕಿಗೆ ಆಚೆ ಈಚೆ ಕಾಣುತ್ತದೆ. ಅದರ ಮೇಲೆ ಮುಳ್ಳಿನಿಂದ ಗೆರೆ ಎಳೆದು, ಸಣ್ಣ ಉಳಿಗಳಿಂದ ಕಿರೀಟ, ಸರ, ಸೀರೆಯ ಹೂವು ಕೊರೆದು, ಅರಗಿನ ಕೆಂಪು, ದೀಪದ ಕಾಡಿಗೆ, ಎಲೆಯ ಹಸಿರು ಹಚ್ಚಿದರೆ ಗೊಂಬೆ. ಹೆಂಗಸರು ಬಣ್ಣ ಹಚ್ಚಬಹುದು, ಪರದೆಯ ಹಿಂದೆ ಕೂತು ಪದ ಹೇಳಬಹುದು, ಉಳಿ ಮಾತ್ರ ಹಿಡಿಯುವಂತಿಲ್ಲ. ಇದು ಗೊಂಬೆಯಾಟದವರ ಕಟ್ಟು. ಆದರೆ ಸೂರಮ್ಮನ ತಂದೆ ಕಾಟಪ್ಪನಿಗೆ ಗಂಡುಮಕ್ಕಳಿರಲಿಲ್ಲ. ವಿದ್ಯೆ ಕೈಯಲ್ಲೇ ಕೊಳೆಯುವುದಕ್ಕಿಂತ ಕಟ್ಟು ಮುರಿಯುವುದೇ ಮೇಲೆಂದು ಅವನು ಬಾಗಿಲು ಮುಂದೆ ಮಾಡಿಕೊಂಡು ಮಗಳಿಗೆ ಉಳಿ ಹಿಡಿಸಿದ. ಪದಗಳನ್ನೂ ಹಾಗೆಯೇ ಕಿವಿಗೆ ಸುರಿದ. ಓದು ಬಾರದ ಸೂರಮ್ಮನ ತಲೆಯೊಳಗೆ ಇಡೀ ಪುರಾಣ ಸೊಲ್ಲು ಸೊಲ್ಲಾಗಿ ಕೂತಿತ್ತು.

ಕಾಟಪ್ಪ ಉಳಿಯ ಜೊತೆಗೆ ಭಯವನ್ನೂ ಕಲಿಸಿದ್ದ. ಗೊಂಬೆಗೆ ಕಣ್ಣು ಕೊರೆಯುವುದು ಕಡೆಗೆ, ತಲೆಗೆ ಸ್ನಾನ ಮಾಡಿ, ಕಾಯಿ ಒಡೆದು. ಕಣ್ಣು ಬಿಟ್ಟ ಗೊಂಬೆ ಮನೆಯ ಕೂಸು ಇದ್ದ ಹಾಗೆ. ಅಮಾವಾಸ್ಯೆಗೆ ಮೊದಲ ಎಡೆ ಅದಕ್ಕೆ, ಆಮೇಲೆ ಮನೆಯವರಿಗೆ. ಅದನ್ನು ಸುಡುವಂತಿಲ್ಲ, ಹೂಳುವಂತಿಲ್ಲ, ಯಾರ ಕೈಗೂ ಕೊಡುವಂತಿಲ್ಲ. ಹರಿದು ಹಣ್ಣಾಗಿ ಆಡಲಾರದೆ ಹೋದ ದಿನ ಹೊಳೆಗೆ ಬಿಟ್ಟು, ಅತ್ತು, ಮೈಲಿಗೆ ಹಿಡಿಯಬೇಕು.

"ಇನ್ನೊಂದು ಮಾತು ಮಗಾ" ಎನ್ನುತ್ತಿದ್ದ. "ಸತ್ತೋರ ಮುಖ ಕೊರೀಬೌದು. ಬದುಕಿರೋರ ಮುಖ ಕೊರೀಬ್ಯಾಡ. ಕೊರೆದ್ರೆ ಸಾಕಬೇಕಾಗ್ತೈತೆ."

ಅವನು ಕೊರೆದದ್ದು ಸತ್ತವಳ ಮುಖವನ್ನು. ಸೂರಮ್ಮನ ಅವ್ವ ತೀರಿಕೊಂಡ ವರ್ಷ ಒಂದು ರಾಣಿಗೊಂಬೆ ಮಾಡಿದ. ಅವ್ವನದೇ ಮೂಗು, ಅವ್ವನದೇ ಗಲ್ಲ. ಕೈಮೇಲೊಂದು ಗಿಳಿ. ಆ ಗಿಳಿಯ ಕೊಕ್ಕಿಗೆ ಕೆಂಪಿನ ಬದಲು ಹಳದಿ ಬಳಿದದ್ದು ಚಿಕ್ಕವಳಾಗಿದ್ದ ಸೂರಮ್ಮ. ಕಾಟಪ್ಪ ನಕ್ಕು, ಹಾಗೇ ಇರಲಿ ಎಂದು ಬಿಟ್ಟಿದ್ದ. ಅಲ್ಲಿಂದಾಚೆಗೆ ಯಾವ ಕಥೆಯಾದರೂ ರಾಣಿ ಅವಳೇ. ಕಾಡಿಗೆ ಹೋದವಳು ಅವಳೇ, ಬೆಂಕಿ ಹಾಯ್ದವಳು ಅವಳೇ, ತುಂಬಿದ ಸಭೆಯಲ್ಲಿ ಅತ್ತವಳೂ ಅವಳೇ.

ಆಡಿಸುವವನು ಸತ್ತರೆ ಅವನ ಮೆಚ್ಚಿನ ಕೈಗೊಂಬೆ, ಹಣ್ಣಾಗದಿದ್ದರೂ, ಅಂದೇ ಹೊಳೆ ಸೇರಬೇಕು. ಕಾಟಪ್ಪ ಸತ್ತಾಗ ಮಣ್ಣು ಮಾಡಿದವನು ಅವನ ಅಣ್ಣನ ಮಗ, ಗೊಂಬೆಯ ಕೀಲು ಹೊಲಿಯುವುದರಲ್ಲಿ ಹೆಸರಾದ ಜಂಪಣ್ಣ. ರಾಣಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ವೇದಾವತಿಗೆ ಬಿಡಲು ಒಯ್ದವನೂ ಅವನೇ. ಹೆಂಗಸರು ಹೊಳೆತನಕ ಹೋಗುವ ಹಾಗಿಲ್ಲ. ಸೂರಮ್ಮ ಬಾಗಿಲಲ್ಲಿ ನಿಂತು, ಅಪ್ಪನಿಗೊಮ್ಮೆ ಅವ್ವನಿಗೊಮ್ಮೆ ಸೇರಿಸಿ ಅತ್ತಳು. ಜಂಪಣ್ಣ ಒದ್ದೆ ತಲೆಯಲ್ಲಿ ಮರಳಿ ಬಂದು, "ತೇಲ್ಕೊಂಡು ಹೋದ್ಲು ತಂಗಿ, ಮದುವಣಗಿತ್ತಿ ಹೋದಂಗೆ. ತಿಳೀತಾ?" ಎಂದ. ಪ್ರತಿ ಮಾತಿನ ಬಾಲಕ್ಕೂ 'ತಿಳೀತಾ' ಸೇರಿಸುವುದು ಅವನ ಚಾಳಿ. ಸೂರಮ್ಮ ಅವನ ಕಾಲಿಗೆ ನಮಸ್ಕಾರ ಮಾಡಿದಳು.

ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯಲ್ಲಿ ಹಾಕಿದ ಕಟ್ಟೆ ಮುಗಿದ ಒಂದೆರಡು ವರ್ಷಕ್ಕೆ, ಚಳ್ಳಕೆರೆಯಲ್ಲಿ ವಸ್ತುಪ್ರದರ್ಶನ ಎಂದು ಊರೂರಿಗೆ ತಮಟೆ ಸಾರಿದರು. ಸೂರಮ್ಮನಿಗೆ ನೋಡುವ ಹುಚ್ಚು. ಸಂತೆಗೆ ಹೋದರೆ ಉಪ್ಪು ಮರೆತು ಕನ್ನಡಿ ಚಿತ್ರ ಮಾರುವವನ ಮುಂದೆ ನಿಲ್ಲುವವಳು. ಗುಡಿಗೆ ಹೋದರೆ ದೇವರಿಗೆ ಒಂದು ನಮಸ್ಕಾರ ಹಾಕಿ, ಚಾವಣಿಯ ಚಿತ್ರಕ್ಕೆ ಕತ್ತು ನೋಯುವ ತನಕ ಕಣ್ಣು ಕೊಡುವವಳು. ಮದ್ದಳೆ ನುಡಿಸುವ ಗಂಡ ಯರ್ರಪ್ಪನನ್ನು ಕಾಡಿ ಕಾಡಿ ಗಾಡಿ ಕಟ್ಟಿಸಿದಳು. ದಾರಿಯಲ್ಲಿ ನನ್ನಿವಾಳದಲ್ಲಿ ಇಳಿದು, ಜಂಪಣ್ಣನ ಮನೆಯ ಬಾಗಿಲು ತಟ್ಟಿದರೆ ಬೀಗ. "ಜಂಪಣ್ಣ ಈಗ ದೊಡ್ಡ ಮನುಷ್ಯ, ಚಳ್ಳಕೆರೇಲೇ ಅವ್ನೆ" ಎಂದರು ನೆರೆಯವರು.

ಚಳ್ಳಕೆರೆಯಲ್ಲಿ ಚಾವಡಿಯ ಮುಂದೆ ಚಪ್ಪರ, ಚಪ್ಪರದೊಳಗೆ ಸಾಲು ಮೇಜು. ಕುರುಬರ ಕರಿ ಕಂಬಳಿಗಳು, ಮೊಳಕಾಲ್ಮೂರಿನ ಸೀರೆಗಳು, ಹಿತ್ತಾಳೆಯ ದೀಪ, ಸಕ್ಕರೆಯಲ್ಲಿ ಮಾಡಿದ ಗುಡಿ. ಚಾವಡಿಯ ಗೋಡೆಯಲ್ಲಿ ಅಚ್ಚಿನ ದೇವರ ಪಟ. ಸೂರಮ್ಮ ಒಂದೊಂದರ ಮುಂದೂ ನಿಂತಳು. ಅಚ್ಚಿನ ಲಕ್ಷ್ಮಿಯನ್ನು ನೋಡಿ, "ಕಣ್ಣು ಚೆಂದ ಐತೆ, ಆದ್ರೆ ನಮ್ಮನ್ನ ನೋಡಾಕಿಲ್ಲ, ಪಟ ಬರೆದೋನ್ನೇ ನೋಡ್ತಾಳೆ" ಎಂದಳು. ಯರ್ರಪ್ಪ, "ನೀನು ನೋಡಿದ್ದು ಸಾಕು, ಮುಂದೆ ಮಿಠಾಯಿ ಐತೆ ನಡಿ" ಎಂದ.

ಮುಂದೆ ಮಿಠಾಯಿ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ರಾಣಿ ಇದ್ದಳು.

ಎರಡು ಅಂಗೈಗೂ ಮೊಳೆ. ಪಾದಕ್ಕೆ ಮೊಳೆ. ಕಿರೀಟದ ನಡುವೆ ಒಂದು ಮೊಳೆ. ಬೆಳಕು ಹಿಂದಿನಿಂದ ಬಾರದೆ ಮೈಯೆಲ್ಲ ಹೆಣದ ಬಣ್ಣ. ಅವ್ವನ ಮೂಗು, ಅವ್ವನ ಗಲ್ಲ, ಕೈಮೇಲೆ ಹಳದಿ ಕೊಕ್ಕಿನ ಗಿಳಿ.

ಸೂರಮ್ಮನಿಗೆ ಮೊದಲು ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ಬೀದಿಯಲ್ಲಿ ಹೆತ್ತವಳ ಸೆರಗು ಜಾರಿದ್ದನ್ನು ಕಂಡವರಂತೆ ಮುಂದೆ ಹೋಗಿ ಅಡ್ಡ ನಿಂತಳು. ಗುಮಾಸ್ತರು, "ಮುಟ್ಟಬಾರದಮ್ಮ, ಪಕ್ಕಕ್ಕೆ ನಿಲ್ಲು" ಎಂದರು.

"ಸ್ವಾಮಿ, ಇದರ ಕೆಳಗೆ ಏನೋ ಬರೆದೈತಲ್ಲ?"

"ಇದು ಜಂಪಣ್ಣ ಅನ್ನೋರ ಕೈಕೆಲಸ. ಬೆಳ್ಳಿ ಪದಕ ಬಂದಿದೆ. ಅಗೋ, ಅವರೇ ಅಲ್ಲಿದ್ದಾರೆ."

ಜಂಪಣ್ಣ ಹೊಸ ರುಮಾಲು ಸುತ್ತಿ, ಕೈ ಬೆನ್ನ ಹಿಂದೆ ಕಟ್ಟಿ, ಬಲಭುಜ ಎತ್ತಿಕೊಂಡು ನಿಂತಿದ್ದ. ಎದೆಯ ಮೇಲೆ ಪದಕ. ತಂಗಿಯನ್ನು ಕಂಡು ಮುಖ ಒಂದು ಗಳಿಗೆ ಬಾಡಿತು, ಮತ್ತೆ ಅರಳಿಸಿಕೊಂಡ.

"ಓಹೋ, ಸೂರಿ! ಭಾವ ಬಂದವ್ನೆ! ಮಿಠಾಯಿ ತಿಂದ್ರಾ?"

"ಅಣ್ಣಾ, ಅವ್ವನ್ನ ನೀರಿಗೆ ಬಿಟ್ಟೆ ಅಂದಿದ್ಯಲ್ಲ."

"ಮೆಲ್ಲಗೆ ಮಾತಾಡೆ. ನೀರಿಗೆ ಬಿಟ್ಟಿದ್ರೆ ಮೀನು ನೋಡ್ತಿದ್ವು. ಈಗ ಅಮಲ್ದಾರ್ರು ನೋಡವ್ರೆ, ನಾಳೆ ದೊರೆಗಳು ನೋಡ್ತಾರೆ. ಕುಲದ ಹೆಸರು ಎಲ್ಲಿಗೆ ಹೋಯ್ತು, ತಿಳೀತಾ?"

"ನಮ್ಮಪ್ಪನ ಕೈಕೆಲಸಕ್ಕೆ ನಿನ್ನ ಹೆಸರು ಹಾಕಿಸ್ಕೊಂಡೀಯ."

"ನಿಮ್ಮಪ್ಪ ಸತ್ತೋದ. ಸತ್ತೋರ ಎದೆಗೆ ಪದಕ ಚುಚ್ಚಾಕೆ ಬರ್ತೈತಾ? ಹೋಗು, ಹೋಗಿ ಅಮಲ್ದಾರ್ರಿಗೆ ಹೇಳು. ಯಾರಮ್ಮ ನೀನು ಅಂದ್ರೆ ಏನಂತೀಯ? ಉಳಿ ಹಿಡಿಯೋ ಹೆಂಗಸು ಅಂತೀಯಾ? ನಿನ್ನ ಕಳ್ಳ ವಿದ್ಯೆ ಕುಲಕ್ಕೆ ತಿಳಿದ್ರೆ ನಿನ್ನ ಗಂಡ ಮದ್ದಳೆ ತಲೆ ಮೇಲೆ ಹೊತ್ಕೊಂಡು ಊರು ಬಿಡಬೇಕು."

ಯರ್ರಪ್ಪ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದ. ಗಾಡಿ ಊರ ಕಡೆ ತಿರುಗಿತು. ಕಥೆಯ ರಾಣಿಯರು ಶಪಥ ಮಾಡಿದರೆ ಆಕಾಶ ಗುಡುಗುತ್ತದೆ. ಸೂರಮ್ಮ ಶಪಥ ಮಾಡಿದಾಗ ಯರ್ರಪ್ಪ ಕೆಮ್ಮಿದ, ಅಷ್ಟೆ.

"ಅವನ ಮುಖ ಕೊರೀತೀನಿ" ಎಂದಳು.

"ನಿಮ್ಮಪ್ಪ ಹೇಳಿದ್ದು ಮರೆತ್ಯಾ?"

"ನೆನಪೈತೆ. ಕಣ್ಣು ಬಿಡಾಕಿಲ್ಲ. ಕುರುಡು ಗೊಂಬೆಗೆ ಎಡೆ ಇಲ್ಲ, ಮೈಲಿಗೆ ಇಲ್ಲ. ಬರೀ ತೊಗಲು. ಒಂದು ಸಲ ಕುಣಿಸಿ ತಿಪ್ಪೆಗೆ ಎಸೀತೀನಿ."

ಎಲ್ಲಿ ಕುಣಿಸಬೇಕೆಂಬುದೂ ಅವಳಿಗೆ ಗೊತ್ತಿತ್ತು. ಮಳೆಗಾಲಕ್ಕೆ ಮೊದಲು ಗೊಂಬೆಯಾಟದ ಕುಲದವರೆಲ್ಲ ದೇವಸಮುದ್ರದಲ್ಲಿ ಸೇರುತ್ತಾರೆ. ಆ ಸಲ ಹೊಸ ಯಜಮಾನನನ್ನು ಆರಿಸಬೇಕಿತ್ತು. ಎಲ್ಲರ ಗೊಂಬೆಪೆಟ್ಟಿಗೆಗಳ ಮುಂದೆ ಮೊದಲ ದೀಪ ಹಚ್ಚುವ ಹಕ್ಕು ಯಜಮಾನನದು. ಪದಕ ಬಂದ ಮೇಲೆ ಜಂಪಣ್ಣನ ಹೆಸರು ಎಲ್ಲರ ಬಾಯಲ್ಲಿತ್ತು.

ಸೂರಮ್ಮ ದೇವರಿಗೆ ತರುವಷ್ಟೇ ಆಸ್ಥೆಯಿಂದ ತೊಗಲು ಆರಿಸಿದಳು. ಹುಳುಕಿಲ್ಲದ, ಗಾಯದ ಗುರುತಿಲ್ಲದ ಹೋತದ ತೊಗಲು. "ಇಷ್ಟು ಒಳ್ಳೇದು ಅವನಿಗ್ಯಾಕೆ?" ಎಂದ ಯರ್ರಪ್ಪ. "ಕೆಟ್ಟ ತೊಗಲಲ್ಲಿ ಕೊರೆದ್ರೆ ತೊಗಲಿನ ತಪ್ಪು ಅಂತಾರೆ. ಇದು ಅವನ ತಪ್ಪು ಅಂತ ಕಾಣಬೇಕು" ಎಂದಳು.

ಪ್ರತಿ ಆಟದ ಮೊದಲಿಗೆ ಬಂದು ನಗಿಸುವವನು ಕೋಡಂಗಿ. ಅವನ ಬಾಯಿಗೆ ಹದ್ದಿಲ್ಲ. ರಾಜನನ್ನೂ ಬೈಯುತ್ತಾನೆ, ಗೌಡನನ್ನೂ ಬೈಯುತ್ತಾನೆ, ಯಾರೂ ಸಿಟ್ಟಾಗುವ ಹಾಗಿಲ್ಲ. ಜಂಪಣ್ಣನನ್ನು ಅವಳು ಕೋಡಂಗಿ ಮಾಡಿದಳು. ನಡುವೆ ಗಂಟು ಕಟ್ಟಿದ ಹಾಗೆ ಗುಬುಟು ಬಿದ್ದ ಉದ್ದ ಮೂಗು, ಒಳಗೆ ಸರಿದ ಗಲ್ಲ, ಮೇಲೆದ್ದ ಬಲಭುಜ, ಬೆನ್ನ ಹಿಂದೆ ಕಟ್ಟಿದ ಕೈ. ಚಿಕ್ಕಂದಿನಿಂದ ಕಂಡ ಮುಖವಾದರೂ ಕೊರೆಯಲು ಕೂತಾಗ ಕಾಣದ್ದೆಲ್ಲ ಕಂಡಿತು. ತುಟಿಯ ಮೂಲೆಯಲ್ಲಿ ಒಂದು ಹೆದರಿಕೆ ಇತ್ತು. ಅದನ್ನೂ ಬಿಡದೆ ಕೊರೆದಳು. ಒಂದೊಂದು ತೂತಿಗೂ ಚಳ್ಳಕೆರೆಯ ಗೋಡೆಯ ಮೊಳೆಯೊಂದನ್ನು ನೆನೆದಳು. ಕಡೆಗೆ ಎದೆಯ ಮೇಲೆ ಪದಕದ ಜಾಗವನ್ನು ದುಂಡಗೆ ಕತ್ತರಿಸಿ ತೆಗೆದಳು, ದೀಪದ ಬೆಳಕು ಅಲ್ಲಿಂದ ತೂರಿ ಬರಲೆಂದು.

ಕುರುಡು ಗೊಂಬೆಯನ್ನು ಒಂದು ಸಂಜೆ ಮನೆಯ ಪರದೆಗೆ ಒತ್ತಿ ನೋಡಿದರು. ಮುಖದಲ್ಲಿ ಕಣ್ಣಿನ ಜಾಗ ಕಪ್ಪು ಮಚ್ಚೆಯಾಗಿ ಉಳಿಯಿತು. ಕೈ ಆಡಿತು, ಕಾಲು ಆಡಿತು, ಜಂಪಣ್ಣ ಬರಲಿಲ್ಲ. ಅದು ಯಾರೋ ಉದ್ದ ಮೂಗಿನವನು, ಅಷ್ಟೆ.

"ಕಣ್ಣಿಲ್ಲದಿದ್ರೆ ನಗಾಕಿಲ್ಲ ಜನ" ಎಂದ ಯರ್ರಪ್ಪ. ಹಾಗೆಂದಮೇಲೆ ನಾಲಿಗೆ ಕಚ್ಚಿಕೊಂಡ.

ಸೂರಮ್ಮ ಬೆಳಗಾಗೆದ್ದು ತಲೆಗೆ ಸ್ನಾನ ಮಾಡಿದಳು. ಕಾಯಿ ಒಡೆದಳು. ಮುದ್ದೆ ಮುರಿದು, ತುಪ್ಪ ಬಿಟ್ಟು ಎಡೆ ಇಟ್ಟಳು. ಅಪ್ಪ ಕಲಿಸಿದ ಪದವನ್ನು ಒಂದು ಸೊಲ್ಲೂ ಬಿಡದೆ ಹೇಳಿದಳು. ದ್ವೇಷಕ್ಕೆಂದು ದೇವರ ಪದವನ್ನು ಮೊಟಕು ಮಾಡುವುದು ಅವಳಿಗೆ ಸಾಧ್ಯವಿರಲಿಲ್ಲ. ಆಮೇಲೆ ಎಲ್ಲಕ್ಕಿಂತ ಸಣ್ಣ ಉಳಿ ಇಟ್ಟು ಒಂದೇ ಪೆಟ್ಟಿಗೆ ಕಣ್ಣು ಬಿಟ್ಟಳು. ಜಂಪಣ್ಣ ಅವಳನ್ನು ನೋಡಿದ.

"ಆಯ್ತು. ಇನ್ನು ಅವನೂ ಈ ಮನೆಯೋನೇ" ಎಂದ ಯರ್ರಪ್ಪ, ತಲೆಯ ಮೇಲೆ ಕೈ ಹೊತ್ತು.

ದೇವಸಮುದ್ರದಲ್ಲಿ ದೀಪ ಹಚ್ಚುವ ಹೊತ್ತಿಗೆ ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಕುಲದ ನ್ಯಾಯ ಹೇಳುವ ಹಿರಿಯ ಪೆದ್ದಣ್ಣ, ಅವನ ಪಕ್ಕ ಪದಕ ತೂಗಿಕೊಂಡ ಜಂಪಣ್ಣ. ಕಾಟಪ್ಪನ ಮನೆಯವರು ಸಣ್ಣದೊಂದು ಆಟ ಆಡುತ್ತಾರಂತೆ ಎಂದಾಗ ಜಂಪಣ್ಣನೇ, "ಆಡಲಿ ಬಿಡ್ರಿ, ಪಾಪ" ಎಂದಿದ್ದನಂತೆ. ಪರದೆಯ ಹಿಂದೆ ಹರಳೆಣ್ಣೆಯ ದೀಪ ಏರಿತು. ಕೋಡಂಗಿಯ ಮಾತು ಯಾವಾಗಲೂ ಗಂಡಸರದು. ಯರ್ರಪ್ಪ ಒಲ್ಲೆನೆಂದ. ಸೂರಮ್ಮನೇ ಕೋಡಂಗಿಯೂ ಆದಳು, ಅವನ ಹೆಂಡತಿ ಬಂಗಾರಿಯೂ ಆದಳು.

ಪರದೆಯ ಬಲಗಡೆಯಿಂದ, ಕೈ ಬೆನ್ನಿಗೆ ಕಟ್ಟಿ, ಭುಜ ಎತ್ತಿ, ಎದೆಯಲ್ಲಿ ದುಂಡನೆಯ ಬೆಳಕು ಇಟ್ಟುಕೊಂಡು ಅವನು ನಡೆದು ಬಂದ. ಹಿಂದಿನ ಸಾಲಿನ ಮುದುಕಿಯೊಬ್ಬಳು, "ಅಯ್ಯೋ ನನ್ನ ಶಿವನೆ, ನಮ್ಮ ಜಂಪ!" ಎಂದದ್ದೇ ತಡ, ನಗು ಗುಡ್ಡ ಉರುಳಿದ ಹಾಗೆ ಬಂತು.

"ಲೇ ಬಂಗಾರೀ, ಹೊಳೆಗೆ ಹೋಗಿ ಬರ್ತೀನಿ. ತಿಳೀತಾ?" ಎಂದ ಕೋಡಂಗಿ.

"ಯಾಕೋ ಮೂದೇವಿ, ಹುಟ್ಟಿದಾಗಿಂದ ಮೈಗೆ ನೀರು ತೋರಿಸಿದೋನಲ್ಲ!"

"ಚಿಕ್ಕವ್ವನ್ನ ನೀರಿಗೆ ಬಿಡಬೇಕು ಕಣೆ."

"ಪುಣ್ಯದ ಕೆಲಸ. ಹೋಗಿ ಬಾ."

"ಹೋದೆ. ಬಂದೆ."

"ಇಷ್ಟು ಬೇಗಾನಾ?"

"ದಾರೀಲಿ ಒಂದು ಗೋಡೆ ಸಿಕ್ತು. ಬೋಳು ಗೋಡೆ. ನೋಡಿ ಕರುಳು ಚುರುಕ್ ಅಂತು. ಚಿಕ್ಕವ್ವನ್ನ ಅದಕ್ಕೆ ಬಡಿದು ನಿಲ್ಲಿಸಿಬಿಟ್ಟೆ. ತಿಳೀತಾ?"

"ಅಯ್ಯೋ ಪಾಪಿ! ಎತ್ತಾಡಿಸಿದ ಕೈಗೆ ಮೊಳೆ ಹೊಡೆದ್ಯಾ?"

"ನಾನು ಅವಳ ಕೈಗೆ ಚುಚ್ಚಿದೆ. ಅವ್ರು ನನ್ನ ಎದೆಗೆ ಚುಚ್ಚಿದ್ರು. ನೋಡೇ, ಬೆಳ್ಳೀದು!"

ನಗು ಅರ್ಧಕ್ಕೆ ನಿಂತಿತು. ಗೊಂಬೆಯವರಿಗೆ ಗೊಂಬೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕಾಟಪ್ಪನ ರಾಣಿಯನ್ನು ಹೊಳೆಗೆ ಒಯ್ದವನು ಯಾರೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಪದಕ ಯಾವುದಕ್ಕೆ ಬಂತೆಂದು ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ಪೆದ್ದಣ್ಣ ಕೋಲೂರಿ ಎದ್ದು ನಿಂತ.

"ಏಮಿರಾ ಜಂಪಣ್ಣ, ನೀರಿಗೆ ಬಿಟ್ಯಾ, ಇಲ್ವಾ? ದೀಪ ಉರೀತೈತೆ. ನೋಡಿ ಮಾತಾಡು."

ಜಂಪಣ್ಣ ಪದಕವನ್ನು ಕೈಯಿಂದ ಮುಚ್ಚಿಕೊಂಡ. "ಹೊಳೇಲಿ ನೀರೇ ಇರ್ಲಿಲ್ಲ ದೊಡ್ಡಪ್ಪ. ಕಣಿವೇಲಿ ಕಟ್ಟೆ ಹಾಕವ್ರಲ್ಲ..."

"ನೀರಿಲ್ದೆ ಒದ್ದೆ ತಲೇಲಿ ಹೆಂಗೆ ಬಂದೆ ಅಣ್ಣಾ?" ಎಂದು ಪರದೆಯ ಹಿಂದಿನಿಂದ ಸೂರಮ್ಮ ಕೇಳಿದಳು. ಈ ಸಲ ಅವಳದೇ ದನಿ.

"ರಾಣಿ ಈಗ ಎಲ್ಲವ್ಳೆ?" ಎಂದ ಪೆದ್ದಣ್ಣ.

"ಇಲ್ಲ. ಯಾರೋ ದೊರೆ ಮೆಚ್ಚಿ ತಗೊಂಡೋದ್ರು. ಹಡಗು ಹತ್ತಿದ್ಲಂತೆ."

ಪರದೆಯ ಹಿಂದೆ ಸೂರಮ್ಮ ಇದನ್ನು ಕೇಳಿಸಿಕೊಂಡಳು. ಇಷ್ಟು ದಿನ ಅವಳ ಎದೆಯ ಮೂಲೆಯಲ್ಲಿ, ಅವನನ್ನು ಹಿಂಡಿದರೆ ಅವ್ವ ಬಂದಾಳು ಎಂಬ ಆಸೆ ಇತ್ತು. ಅದು ಆರಿತು. ಉಳಿದದ್ದು ಕೈಯಲ್ಲಿದ್ದ ಕಡ್ಡಿ, ಕಡ್ಡಿಯ ತುದಿಯಲ್ಲಿ ಅವನು.

ಜಂಪಣ್ಣ ಪರದೆ ಎತ್ತಿ ಒಳನುಗ್ಗಿದ. "ಕೊಡೇ ಅದನ್ನ! ಉಳಿ ಹಿಡಿದವಳು ಇವಳು! ಹೆಂಗಸು! ಇದಕ್ಕೇನು ಹೇಳ್ತೀರಿ? ಸುಡ್ರಿ ಅದನ್ನ!"

ಪೆದ್ದಣ್ಣ ಅವನ ಹಿಂದೆಯೇ ಬಂದು, ಗೊಂಬೆಯನ್ನು ತಾನು ಇಸಿದುಕೊಂಡು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಬೆರಳಿನಿಂದ ಕಣ್ಣಿನ ಅಂಚು ಸವರಿದ. "ಕಣ್ಣು ಬಿಟ್ಟೀಯೇನಮ್ಮ?"

"ಬಿಟ್ಟೀನಿ."

"ಎಡೆ?"

"ಇಟ್ಟೀನಿ. ಪದಾನೂ ಹೇಳೀನಿ."

"ಕಾಟಪ್ಪನ ಕೈಯೇ ಐತೆ ಇದ್ರಲ್ಲಿ" ಎಂದು ಪೆದ್ದಣ್ಣ ನಿಟ್ಟುಸಿರಿಟ್ಟ. "ಉಳಿ ಹಿಡಿದದ್ದು ಅಪ್ಪ ಮಾಡಿದ ತಪ್ಪು, ಅವನು ಹೋದ. ಬದುಕಿರೋನ ಮುಖ ಕೊರೆದದ್ದು ನಿನ್ನ ತಪ್ಪು. ಕಣ್ಣು ಬಿಟ್ಟಿದ್ದನ್ನ ಸುಡಂಗಿಲ್ಲ. ಇದಕ್ಕೆ ಎಡೆ ತಪ್ಪಿಸಿದ್ಯೋ, ನೀನೂ ಹೊರಗೆ. ಜಂಪಣ್ಣಾ, ನೀನು ಕೇಳು. ಯಜಮಾನಿಕೆ ಮಾತು ಇಲ್ಲಿಗೆ ಮುಗೀತು. ರಾಣಿ ನೀರು ಸೇರೋ ತನಕ ಪೆಟ್ಟಿಗೆ ಮುಟ್ಟಬ್ಯಾಡ ಅನ್ನಬೇಕಿತ್ತು. ಅವಳಿನ್ನು ಸಿಗಾಕಿಲ್ಲ. ಅದಕ್ಕೆ, ಈ ತೊಗಲಿನ ಜಂಪಣ್ಣ ಹಣ್ಣಾಗಿ ನೀರು ಸೇರೋ ತನಕ, ನೀನು ಪೆಟ್ಟಿಗೆ ಮುಟ್ಟಂಗಿಲ್ಲ, ಉಳಿ ಹಿಡಿಯಂಗಿಲ್ಲ, ಪರದೆ ಹಿಂದೆ ಕೂರಂಗಿಲ್ಲ. ಅವನ ಜೊತೆ ನಿನ್ನ ಪಾಪ ತೇಲಿ ಹೋಗಲಿ, ಆಗ ಬಾ."

ಇದು ದೊಡ್ಡ ಶಿಕ್ಷೆಯೆಂದು ಯಾರಿಗೂ ಅನ್ನಿಸಲಿಲ್ಲ. ಕೋಡಂಗಿಗೆ ಆಟದಲ್ಲಿ ಬೀಳುವಷ್ಟು ಪೆಟ್ಟು ಬೇರೆ ಯಾವ ಗೊಂಬೆಗೂ ಬೀಳುವುದಿಲ್ಲ. ಹೆಂಡತಿ ಒದೆಯುತ್ತಾಳೆ, ಗೌಡ ಒದೆಯುತ್ತಾನೆ, ಕತ್ತೆ ಒದೆಯುತ್ತದೆ. ಎಂಥ ಕೋಡಂಗಿಯಾದರೂ ಕೆಲವೇ ವರ್ಷಕ್ಕೆ ಚಿಂದಿ. ಜಂಪಣ್ಣನೂ ಹಾಗೆಂದುಕೊಂಡೇ ರುಮಾಲು ಕೊಡವಿ ಎದ್ದುಹೋದ.

ಸೂರಮ್ಮ ಬೇರೆ ಲೆಕ್ಕ ಹಾಕಿದ್ದಳು.

ತೊಗಲಿನ ಜಂಪಣ್ಣನನ್ನು ಅವಳು ಊರೂರಿಗೆ ಕುಣಿಸಿದಳು. ರಾಯದುರ್ಗದ ಕಡೆ ತೆಲುಗಿನಲ್ಲಿ, ಚಳ್ಳಕೆರೆಯ ಕಡೆ ಕನ್ನಡದಲ್ಲಿ. ಹೊಟ್ಟೆಪಾಡಿಗೆ ಕಂಬಳಿ ಹೊತ್ತು ನಿಜದ ಜಂಪಣ್ಣ ಸಂತೆಗೆ ಹೋದರೆ ಅಂಗಡಿಯವರು, "ಬೆಳ್ಳಿ ಬಂತು ಬೆಳ್ಳಿ! ಗೋಡೆ ಬೇಕೇನಣ್ಣ, ಬೋಳು ಗೋಡೆ?" ಎನ್ನುತ್ತಿದ್ದರು. ಆಟ ಮುಗಿದ ಮೇಲೆ ಮಾತ್ರ ಸೂರಮ್ಮ ಗೊಂಬೆಯ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವಳು. ಎಳೆಬಿಸಿಲಿಗೆ ಹಿಡಿಯುವಳು. ಹುಳು ಬೀಳದಂತೆ ಬೇವಿನ ಸೊಪ್ಪು ಹಾಸುವಳು. ಮಳೆಗಾಲದಲ್ಲಿ ಥಂಡಿ ತಾಗೀತೆಂದು ಪೆಟ್ಟಿಗೆಯನ್ನು ಒಲೆಯ ಹಿಂದೆ ಇಡುವಳು. ಪೆಟ್ಟಿನ ಆಟದಲ್ಲಿ ಕಡ್ಡಿಯನ್ನು ಎಷ್ಟು ನಾಜೂಕಾಗಿ ಆಡಿಸುವಳೆಂದರೆ, ಜನರಿಗೆ ಏಟು ಕೇಳಿಸುತ್ತಿತ್ತು, ತೊಗಲಿಗೆ ತಾಗುತ್ತಿರಲಿಲ್ಲ.

"ಕಟ್ಟಿಕೊಂಡ ಗಂಡನಿಗೆ ಇಂಥ ಆರೈಕೆ ಇಲ್ಲ" ಎಂದ ಯರ್ರಪ್ಪ.

"ನೀನು ಹಣ್ಣಾದ್ರೆ ನಂಗೇನು ನಷ್ಟ ಇಲ್ಲ. ಅವನು ಹಣ್ಣಾಗಬಾರದು" ಎಂದಳು.

ಕೋಡಂಗಿ ಮೊದಲು ಬರುವವನಾದ್ದರಿಂದ ಪೆಟ್ಟಿಗೆಯಲ್ಲಿ ಅವನ ಜಾಗ ಎಲ್ಲರಿಗಿಂತ ಮೇಲೆ. ಮುಚ್ಚಳ ತೆಗೆದರೆ ಅವನೇ. ಅಮಾವಾಸ್ಯೆಗೆ ಕೈ ಮುಗಿಯುವಾಗಲೂ ಅವನೇ. ಒಂದು ದಿನ ಅವಳು ಪದ ಹೇಳುತ್ತ, ರಾಣಿ ಕಾಡಿಗೆ ನಡೆದ ಜಾಗಕ್ಕೆ ಬಂದಾಗ, ಅವ್ವನ ಮುಖ ನೆನೆಯಲು ಕಣ್ಣು ಮುಚ್ಚಿದಳು. ಗುಬುಟು ಬಿದ್ದ ಉದ್ದ ಮೂಗು ಬಂತು. ಮತ್ತೆ ಯತ್ನಿಸಿದಳು. ಗಿಳಿ ಬಂತು, ಗಿಳಿಯ ಹಳದಿ ಕೊಕ್ಕು ಬಂತು, ಕೈ ಬಂತು. ಮುಖ ಬರಲಿಲ್ಲ. ಪದ ಅರ್ಧಕ್ಕೆ ನಿಂತಿತು. ಇದನ್ನೂ ಅವನ ಲೆಕ್ಕಕ್ಕೇ ಬರೆದುಕೊಂಡಳು.

ಹೀಗೆ ವರ್ಷಗಳು ಕಳೆದು ಒಂದು ಅಮಾವಾಸ್ಯೆಯ ಮಧ್ಯಾಹ್ನ ಜಂಪಣ್ಣ ಬಾಗಿಲಿಗೆ ಬಂದ. ಮೀಸೆ ಬೆಳ್ಳಗಾಗಿತ್ತು. ಬಲಭುಜ ಈಗ ಎಡದಷ್ಟೇ ಕೆಳಗಿತ್ತು. ಅದನ್ನು ನೋಡಿ ಸೂರಮ್ಮನಿಗೆ ತನ್ನ ಗೊಂಬೆಯೇ ಸರಿಯಾದ ಜಂಪಣ್ಣ, ಇವನು ಯಾರೋ ಎನ್ನಿಸಿತು.

"ಬಾರಣ್ಣ, ಕೂತ್ಕೋ. ಊಟದ ಹೊತ್ತು" ಎಂದಳು.

ಅವನು ಜಗಲಿಯ ಮೇಲೆ ಕೂತ. ಹಸಿದಿದ್ದ. ಸೂರಮ್ಮ ಮುದ್ದೆ, ಸಾರು, ತುಪ್ಪ ತಂದಳು. ತಂದದ್ದನ್ನು ಅವನ ಮುಂದೆ ಇಡದೆ, ಪೆಟ್ಟಿಗೆಗೆ ಆನಿಸಿ ನಿಲ್ಲಿಸಿದ್ದ ತೊಗಲಿನ ಜಂಪಣ್ಣನ ಮುಂದೆ ಇಟ್ಟಳು. ಕೈ ಮುಗಿದು ಪದ ಶುರುಮಾಡಿದಳು. ಪದ ಉದ್ದವಿತ್ತು. ಇವನು ಅವನ ಊಟವನ್ನು ನೋಡುತ್ತ ಕೂತ. ಪದ ಮುಗಿದ ಮೇಲೆ, "ಇನ್ನು ನಿನಗೆ" ಎಂದು ಬಡಿಸಿದಳು.

ಅವನು ಉಂಡು ಕೈತೊಳೆದು, ಗೊಂಬೆಯನ್ನೇ ನೋಡುತ್ತ ಮಾತೆತ್ತಿದ. "ತಂಗೀ, ಮೊಣಕೈ ಬಿಟ್ಕೊಂಡೈತೆ."

"ಹೂ. ಮೊನ್ನೆ ಬಿಡ್ತು."

"ಹಣ್ಣಾದ. ಇನ್ನು ಆಡಾಕಿಲ್ಲ ಅವನು. ಬಿಡೇ ನೀರಿಗೆ." ಕೈ ಮುಗಿದ. "ಕಂಬಳಿ ಹೊತ್ತು ಹೊತ್ತು ಕೈ ಸತ್ತೋಗೈತೆ ಸೂರಿ. ಸಾಯೋದ್ರೊಳಗೆ ಒಂದು ಸಲ, ಒಂದೇ ಸಲ ಪರದೆ ಹಿಂದೆ ಕೂತು ಏಳ್ತೀನಿ. ನಿನ್ನ ಕಾಲು ಹಿಡೀತೀನಿ."

"ಅವ್ವನ್ನ ಕರ್ಕೊಂಡು ಬಾ. ಇಬ್ರನ್ನೂ ಒಟ್ಟಿಗೆ ಬಿಡಾನ."

"ಎಲ್ಲಿಂದ ತರ್ಲಿ? ಯಾವ ಗೋಡೇಲವಳೋ!"

"ಹಂಗಾದ್ರೆ ನೀನೂ ಕುಣಿ."

ಸೂರಮ್ಮ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಹೊಸ ತೊಗಲಿನ ತೇಪೆಯೊಂದನ್ನು ಮೊಣಕೈಗೆ ಇಟ್ಟು, ದಬ್ಬಳದಿಂದ ತೂತು ಹಾಕುತ್ತ ಹೋದಳು. ಕೊರೆಯುವುದರಲ್ಲಿ ಅವಳ ಕೈ ಅಪ್ಪನ ಕೈ. ಹೊಲಿಗೆ ಮಾತ್ರ ಎಂದೂ ಒಗ್ಗಿರಲಿಲ್ಲ. ಆ ಕುಲದಲ್ಲಿ ಹೊಲಿಗೆಗೆ ಹೆಸರಾದವನು ಒಬ್ಬನೇ, ಅವನು ಎದುರಿಗೆ ಕೂತಿದ್ದ.

ಜಂಪಣ್ಣ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಅವಳ ಬೆರಳನ್ನೇ ನೋಡುತ್ತ ಕೂತ. ಒಂದು ತೂತು ಬಿತ್ತು, ಇನ್ನೊಂದು ಬಿತ್ತು, ಮೂರನೆಯದಕ್ಕೆ ದಬ್ಬಳ ಇಡುವಾಗ ಅವನ ಮುಖ ನೋವಾದವರಂತೆ ಕಿವುಚಿಕೊಂಡಿತು.

"ಲೇ, ಲೇ! ಹಂಗಲ್ಲ!"

ಸೂರಮ್ಮ ತಲೆಯೆತ್ತಿದಳು.

"ತೂತು ಒಂದೇ ಸಾಲಿಗೆ ಹಾಕ್ತಾರೇನೆ? ಕುಣಿಸಿದ್ರೆ ಸಾಲಿಗೆ ಸಾಲೇ ಹರ್ಕೊಂಡು ಬರ್ತೈತೆ. ಒಂದು ಮೇಲೆ, ಒಂದು ಕೆಳಗೆ ಹಾಕು. ತೇಪೆ ಒಣಗಿರೋದು ಇಟ್ಟೀಯ, ತೆಗಿ ಅದನ್ನ. ನೆನೆಹಾಕಿ ಹಸೀದೇ ಹೊಲಿ. ಒಣಗಿದಾಗ ತಾನೇ ಬಿಗಿಯಾಗಿ ಕಚ್ಚಿಕೊಳ್ತೈತೆ. ತಿಳೀತಾ?" ಎಂದು ಕೈ ಮುಂದೆ ಚಾಚಿದ.

"ಮುಟ್ಟಬ್ಯಾಡ" ಎಂದಳು ಸೂರಮ್ಮ.

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ತಾನೇನು ಹೇಳಿಬಿಟ್ಟೆನೆಂಬುದು ಆಗ ಅವನಿಗೆ ಹೊಳೆಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಸೂರಮ್ಮ ತೇಪೆಯನ್ನು ಬಿಚ್ಚಿ ನೀರಿಗೆ ಹಾಕಿದಳು. ಅದು ನೆನೆದು ಮೆತ್ತಗಾಗುವ ತನಕ ಕಾದಳು. ಕೇರಿಯ ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು. ಆಮೇಲೆ ಅವಳು ಒಂದು ತೂತು ಮೇಲೆ, ಒಂದು ತೂತು ಕೆಳಗೆ, ಅವನು ಹೇಳಿದ ಹಾಗೆಯೇ ಹಾಕಿ, ಹಸಿ ತೊಗಲನ್ನು ಎಳೆದು ಎಳೆದು ಹೊಲಿದಳು. ಕಡೆಯ ಗಂಟನ್ನು ಹಲ್ಲಿನಿಂದ ಬಿಗಿದಳು.

"ಎಷ್ಟು ಕಾಲ ಬರ್ತೈತೆ?" ಎಂದ ಜಂಪಣ್ಣ, ಬಹಳ ಮೆಲ್ಲಗೆ.

ಸೂರಮ್ಮ ಗೊಂಬೆಯ ಕೈಯನ್ನು ಎರಡು ಸಲ ಮಡಚಿ ಬಿಡಿಸಿ ನೋಡಿದಳು.

"ನೀನು ಹೇಳಿದ ಹೊಲಿಗೆ ಅಲ್ವೇನಣ್ಣ" ಎಂದಳು. "ನಮ್ಮಿಬ್ರ ಕಾಲಕ್ಕೂ ಆಗಿ ಮಿಗ್ತೈತೆ."